ಮಳೆ ಮಾತು 6: ‘ಭಾರೀ’ ಅಂದ್ರೆ ಎಷ್ಟು?

ಟಿವಿಯವರಿಗೆ ಬಿದ್ದ ಮಳೆಯೆಲ್ಲಾ ‘ಭಾರೀ ಮಳೆ’ನೇ. ಆದ್ರೆ ಹವಾಮಾನ ಇಲಾಖೆಗೆ ಅದೊಂದು ಅಳತೆ ಕಣ್ರೀ: 24 ಗಂಟೇಲಿ 64.5ರಿಂದ 115.5 ಮಿ.ಮೀ. ಅದಕ್ಕಿಂತ ಮೇಲೆ ‘ಅತಿ ಭಾರೀ’, 204.4 ದಾಟಿದ್ರೆ ‘ಅತ್ಯಂತ ಭಾರೀ’.

ಒಂದು ಮಿ.ಮೀ. ಅಂದ್ರೆ ಚದರ ಮೀಟರಿಗೆ ಒಂದು ಲೀಟರ್ ನೀರು. ನಿಮ್ಮ ಥರ್ಟಿ-ಫಾರ್ಟಿ ಸೈಟಿನ ಮೇಲೆ 65 ಮಿ.ಮೀ. ಬಿದ್ರೆ ಏಳು ಸಾವಿರ ಲೀಟರಿಗೂ ಜಾಸ್ತಿ! (ಬಿಕಾಂನೋರು ಲೆಕ್ಕ ಬಿಡಲ್ಲ.)

ತುಂತುರು, ಜಿಟಿಜಿಟಿ, ಸೋನೆ... ಕನ್ನಡದಲ್ಲಿ ಪದಕ್ಕೇನು ಬರವಾ? ಹನಿ ಉದುರಿದ್ರೂ ‘ವರುಣನ ಆರ್ಭಟ’ ಅಂತ ಕೂಗಿದ್ರೆ, ನಿಜವಾಗ್ಲೂ ರೆಡ್ ಅಲರ್ಟ್ ಬಂದ ದಿನ ಹೊಳೆ ದಂಡೆಯವರು ಮನೆ ಬಿಟ್ಟು ಯಾಕೆ ಏಳ್ತಾರೆ? ರೆಡ್ ಅಂದ್ರೆ ‘ಈಗಲೇ ಕ್ರಮ ತಗೊಳ್ಳಿ’ ಅಂತ. ನಮಗೆ ಮಾತ್ರ ಅದು ಕಾಲೇಜಿಗೆ ರಜೆ.

ಇನ್ಮೇಲೆ ‘ಭಾರೀ’ ಅಂತ ಯಾರೇ ಹಾಕಿದ್ರೂ ಕಾಮೆಂಟಲ್ಲಿ ಕೇಳಿ: ಎಷ್ಟು ಮಿ.ಮೀ. ಸ್ವಾಮಿ?