ಮಾರ್ಚ್ ತಿಂಗಳಿನಲ್ಲಿ ಬರುವಿರಾ?

ಆಗಮನ ಕಾಲವು ಸಮೀಪಿಸಿತೆಂದರೆ ಹುಬ್ಬಳ್ಳಿ-ಧಾರವಾಡದ ನಮ್ಮ ಸಭೆಗಳಲ್ಲಿ ಕ್ಯಾರೊಲ್ ಅಭ್ಯಾಸದ ಜೊತೆಗೆ ಇನ್ನೊಂದು ವಿಷಯವೂ ತಪ್ಪದೆ ಚರ್ಚೆಗೆ ಬರುತ್ತದೆ. ಈ ವರ್ಷ ಯಾವ ಶಾಲೆಗೆ ಭೇಟಿ ನೀಡಬೇಕು? ಅಂಧ ಮಕ್ಕಳ ಶಾಲೆಗೋ, ಕಿವುಡ ಮಕ್ಕಳ ಶಾಲೆಗೋ, ಬುದ್ಧಿ ಬೆಳವಣಿಗೆ ಕುಂಠಿತಗೊಂಡ ಮಕ್ಕಳ ಕೇಂದ್ರಕ್ಕೋ? ಯೌವನಸ್ಥರ ಸಂಘದವರು ಬಿಸ್ಕತ್ತಿನ ಪೊಟ್ಟಣಗಳ ಲೆಕ್ಕ ಹಾಕುತ್ತಾರೆ, ಸ್ತ್ರೀಯರ ಸಂಘದವರು ಹೊದಿಕೆಗಳಿಗಾಗಿ ಚಂದಾ ಎತ್ತುತ್ತಾರೆ, ಬ್ಯಾನರ್ ಮುದ್ರಣಕ್ಕೆ ಹೋಗುತ್ತದೆ. ವಿಶ್ವಸಂಸ್ಥೆಯು 1992ರಲ್ಲಿ ಡಿಸೆಂಬರ್ 3ನ್ನು ಅಂಗವಿಕಲರ ಅಂತರರಾಷ್ಟ್ರೀಯ ದಿನವೆಂದು ಘೋಷಿಸಿತು. ಅದು ನಮ್ಮ ಆಗಮನ ಕಾಲದ ಆರಂಭದಲ್ಲಿಯೇ ಬರುವುದರಿಂದ ನಮ್ಮ ಕರುಣೆಗೆ ಪಂಚಾಂಗದ ಬೆಂಬಲವೂ ದೊರೆತಂತಾಗಿದೆ.

ಇದನ್ನು ನಾನು ಹೊರಗಿನವನಾಗಿ ಟೀಕಿಸುತ್ತಿಲ್ಲ. ಅನೇಕ ವರ್ಷ ಇಂತಹ ತಂಡಗಳೊಡನೆ ಹೋಗಿದ್ದೇನೆ, ಕೇಕು ಹಂಚಿದ್ದೇನೆ, ಬ್ಯಾನರಿನ ಹಿಂದೆ ನಿಂತು ಭಾವಚಿತ್ರ ತೆಗೆಸಿಕೊಂಡಿದ್ದೇನೆ. ಅಂತಹ ಒಂದು ಭೇಟಿಯಲ್ಲಿ ನಡೆದುದನ್ನು ಹೇಳಿದರೆ ಈ ಲೇಖನವನ್ನು ಬರೆಯಬೇಕಾಗಿ ಬಂದುದರ ಕಾರಣ ತಿಳಿದೀತು.

ಅದೊಂದು ಅಂಧ ಮಕ್ಕಳ ಶಾಲೆ. ಆ ತಿಂಗಳಲ್ಲಿ ಅಲ್ಲಿಗೆ ಹೋದ ತಂಡಗಳಲ್ಲಿ ನಮ್ಮದು ಏಳನೆಯದು ಎಂಬುದು ಹೋದ ಮೇಲೆ ತಿಳಿಯಿತು. ಮಕ್ಕಳನ್ನು ತರಗತಿಯಿಂದ ಎಬ್ಬಿಸಿ ಸಭಾಂಗಣದಲ್ಲಿ ಸಾಲಾಗಿ ಕುಳ್ಳಿರಿಸಿದರು. ಅವರು ಸ್ವಾಗತಗೀತೆ ಹಾಡಿದರು, ನಾವು ಕ್ಯಾರೊಲ್ ಹಾಡಿದೆವು, ಸಭೆಯ ಹಿರಿಯರೊಬ್ಬರು ದೇವರು ನಮಗೆ ಕಣ್ಣು ಕೊಟ್ಟಿರುವುದಕ್ಕಾಗಿ ಗಟ್ಟಿಯಾಗಿ ಸ್ತೋತ್ರ ಸಲ್ಲಿಸಿದರು. ಆ ಮಕ್ಕಳ ಮುಂದೆಯೇ! ಕೇಕು ಹಂಚುತ್ತ ನಾನು ಹತ್ತನೆಯ ತರಗತಿಯ ಹುಡುಗನೊಬ್ಬನ ಬಳಿ ಬಂದಾಗ ಅವನು ತಟ್ಟೆಯನ್ನು ಪಕ್ಕಕ್ಕಿಟ್ಟು ಕೇಳಿದ: "ಸರ್, ಮಾರ್ಚ್‌ದಾಗ ಬರ್ತೀರೇನ್ರಿ? ನನ್ನ ಪರೀಕ್ಷಾ ಬರಿಯಾಕ ಒಬ್ರು ಬೇಕಾಗ್ಯಾರ."

ನಾನು "ನೋಡೋಣಪ್ಪಾ" ಎಂದೆ. ನಮ್ಮ ಕಾರ್ಯದರ್ಶಿಯವರು ಡೈರಿಯಲ್ಲಿ ಗುರುತು ಹಾಕಿಕೊಂಡರು. ಮಾರ್ಚ್ ಬಂದಾಗ ಶ್ರಮೆಯ ಕಾಲದ ವಿಶೇಷ ಕೂಟಗಳು ನಡೆಯುತ್ತಿದ್ದವು. ಆ ಡೈರಿಯನ್ನು ಯಾರೂ ತೆರೆಯಲಿಲ್ಲ. ಆ ಹುಡುಗನಿಗೆ ಬರೆಯುವವರು ಸಿಕ್ಕರೋ ಇಲ್ಲವೋ ಎಂದು ವಿಚಾರಿಸುವಷ್ಟು ಧೈರ್ಯವೂ ನನಗೆ ಆಮೇಲೆ ಬರಲಿಲ್ಲ.

ಓದುಗರಲ್ಲಿ ಅನೇಕರಿಗೆ ಇದರ ಕಷ್ಟ ತಿಳಿದಿರಲಿಕ್ಕಿಲ್ಲ. ಅಂಧ ವಿದ್ಯಾರ್ಥಿಯು ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಉತ್ತರವನ್ನು ಬಾಯಿಂದ ಹೇಳುತ್ತಾನೆ, ಲಿಪಿಕಾರನೊಬ್ಬನು ಬರೆಯುತ್ತಾನೆ. ಆ ಲಿಪಿಕಾರನು ಪರೀಕ್ಷಾರ್ಥಿಗಿಂತ ಕೆಳಗಿನ ತರಗತಿಯವನಾಗಿರಬೇಕು. ಎಂದರೆ ಎಂಟನೆಯ ಅಥವಾ ಒಂಬತ್ತನೆಯ ತರಗತಿಯ, ಅಕ್ಷರ ಚೆನ್ನಾಗಿರುವ, ಹೇಳಿದ್ದನ್ನು ಹೇಳಿದಂತೆಯೇ ಬರೆಯುವ ಒಂದು ಮಗು ಬೇಕು. ಅಂತಹ ಮಕ್ಕಳು ಎಲ್ಲಿದ್ದಾರೆ? ನಮ್ಮ ಸಂಡೇ ಸ್ಕೂಲುಗಳಲ್ಲಿ ಸಾಲುಸಾಲಾಗಿ ಕುಳಿತಿದ್ದಾರೆ. ಒಂಬತ್ತನೆಯ ತರಗತಿಯವರಿಗೂ ಅದೇ ಹೊತ್ತಿಗೆ ಪರೀಕ್ಷೆಯಿರುತ್ತದೆ, ನಿಜ. ಆದುದರಿಂದಲೇ ಜನವರಿಯಲ್ಲಿಯೇ ಶಾಲೆಯವರೊಡನೆ, ಪಾಲಕರೊಡನೆ ಮಾತನಾಡಿ ಗೊತ್ತುಮಾಡಿಕೊಳ್ಳಬೇಕು. ಇದಕ್ಕೆ ಹಣ ಬೇಕಾಗಿಲ್ಲ, ಬ್ಯಾನರೂ ಬೇಕಾಗಿಲ್ಲ. ಬಹುಶಃ ಬ್ಯಾನರಿಗೆ ಅವಕಾಶವಿಲ್ಲದ ಕಾರಣದಿಂದಲೇ ನಮಗದು ನೆನಪಾಗುವುದಿಲ್ಲ.

ನನ್ನ ಆಕ್ಷೇಪಣೆ ಇಷ್ಟೇ. ನಾವು ಮಾಡುವ ಭೇಟಿಗಳು ನಮ್ಮ ಪಂಚಾಂಗವನ್ನು, ನಮ್ಮ ಸಂತೋಷವನ್ನು, ನಮ್ಮ ವಾರ್ಷಿಕ ವರದಿಯನ್ನು ಅನುಸರಿಸುತ್ತವೆಯೇ ಹೊರತು ಆ ಮಕ್ಕಳ ಅಗತ್ಯವನ್ನಲ್ಲ. ಅವರು ಕೇಳದೆ ಇದ್ದುದನ್ನು ಕೊಟ್ಟು, ಕೇಳಿದ್ದನ್ನು ಡೈರಿಯಲ್ಲಿ ಬರೆದುಕೊಂಡು ಬರುತ್ತೇವೆ.

ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿ ಕಿವುಡನಾಗಿದ್ದ ಒಬ್ಬ ಮನುಷ್ಯನನ್ನು ಜನರು ಕರ್ತನ ಬಳಿಗೆ ಕರೆತರುತ್ತಾರೆ. ಅಲ್ಲಿ ನಾವು "ಎಫ್ಫಥಾ" ಎಂಬ ಮಾತನ್ನು ನೆನಪಿನಲ್ಲಿಡುತ್ತೇವೆ, ಅದಕ್ಕಿಂತ ಮೊದಲು ಆತನು ಮಾಡಿದುದನ್ನು ಮರೆಯುತ್ತೇವೆ. ಆತನು ಮೊದಲು ಆ ಮನುಷ್ಯನನ್ನು ಗುಂಪಿನಿಂದ ಪ್ರತ್ಯೇಕವಾಗಿ ಕರೆದುಕೊಂಡು ಹೋದನು. ಆಮೇಲೆ ಮಾತನಾಡಲಿಲ್ಲ, ಬೆರಳಿನಿಂದ ಕಿವಿಯನ್ನು ಮುಟ್ಟಿದನು, ನಾಲಿಗೆಯನ್ನು ಮುಟ್ಟಿದನು, ಆಕಾಶದತ್ತ ನೋಡಿದನು. ಕಿವಿ ಕೇಳದವನಿಗೆ ತಿಳಿಯುವ ಭಾಷೆಯಲ್ಲಿ, ಎಂದರೆ ಸಂಜ್ಞೆಯಲ್ಲಿ, ಮೊದಲು ಅವನೊಡನೆ ವ್ಯವಹರಿಸಿದನು. ನಾವು ಮಾಡುವುದು ಸರಿಯಾಗಿ ಇದಕ್ಕೆ ತದ್ವಿರುದ್ಧ. ಒಬ್ಬೊಬ್ಬ ಮಗುವನ್ನು ಗುಂಪಿನ ಮುಂದಕ್ಕೆ, ಕ್ಯಾಮೆರಾದ ಮುಂದಕ್ಕೆ ಕರೆತಂದು ನಿಲ್ಲಿಸುತ್ತೇವೆ. ಈಗಂತೂ ಅಂದೇ ಸಂಜೆ ಆ ಮಕ್ಕಳ ಮುಖಗಳು ನೂರು ಮೊಬೈಲುಗಳಿಗೆ ಹೋಗಿರುತ್ತವೆ. ನಮ್ಮ ಮಕ್ಕಳ ಚಿತ್ರವನ್ನು ಅಪರಿಚಿತರು ಹೀಗೆ ಹಂಚಿದ್ದರೆ ನಾವು ಸುಮ್ಮನಿರುತ್ತಿದ್ದೆವೆ?

ಕಿವುಡ ಮಕ್ಕಳ ಶಾಲೆಯೊಂದರಲ್ಲಿ ನಮ್ಮ ತಂಡವು ಮೈಕು ಹಿಡಿದು ಅರ್ಧ ಗಂಟೆ ಕ್ರಿಸ್ಮಸ್ ಸಂದೇಶ ನೀಡಿದುದನ್ನು ಕಣ್ಣಾರೆ ಕಂಡಿದ್ದೇನೆ. ಕನ್ನಡವನ್ನರಿಯದೆ ಕನ್ನಡಿಗರಿಗೆ ಸುವಾರ್ತೆ ಮುಟ್ಟದೆಂದು ತಿಳಿದು, 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದು ನೆಲೆಯೂರಿದ ಬಾಸೆಲ್ ಮಿಷನ್ನಿನವರು ಈ ನುಡಿಯನ್ನು ಮಕ್ಕಳಂತೆ ಕುಳಿತು ಕಲಿತರು. ಅವರಲ್ಲೊಬ್ಬರಾದ ಕಿಟ್ಟೆಲರ ನಿಘಂಟು 1894ರಲ್ಲಿ ಹೊರಬಂತು. ಅವರ ವಾರಸುದಾರರೆಂದು ಹೆಮ್ಮೆಪಡುವ ನಾವು ನಮ್ಮದೇ ಊರಿನ ಕಿವುಡ ಮಕ್ಕಳ ಭಾಷೆಯ ಹತ್ತು ಸಂಜ್ಞೆಗಳನ್ನಾದರೂ ಕಲಿತಿದ್ದೇವೆಯೆ? ಭಾರತೀಯ ಸಂಜ್ಞಾಭಾಷೆಗೆಂದೇ 2015ರಲ್ಲಿ ದೆಹಲಿಯಲ್ಲಿ ಕೇಂದ್ರ ಸರಕಾರದ ಸಂಸ್ಥೆಯೊಂದು ಸ್ಥಾಪನೆಯಾಗಿದೆ, ಅದರ ನಿಘಂಟೂ ಇದೆ. ಅಂದಹಾಗೆ, ಆ ಮಕ್ಕಳನ್ನು "ಮೂಕರು" ಎಂದು ನಮ್ಮ ಬ್ಯಾನರುಗಳಲ್ಲಿ ಬರೆಸುವುದನ್ನು ಇನ್ನಾದರೂ ನಿಲ್ಲಿಸಬೇಕು. ಊಟದ ಹೊತ್ತಿನಲ್ಲಿ ಅವರು ಕೈಬೀಸಿ ಹರಟುವುದನ್ನು ಒಮ್ಮೆ ನೋಡಿದವರು ಆ ಶಬ್ದವನ್ನು ಮತ್ತೆ ಬಳಸಲಾರರು.

"ಏನೂ ಮಾಡದಿರುವುದಕ್ಕಿಂತ ಇಷ್ಟಾದರೂ ಒಳ್ಳೆಯದಲ್ಲವೆ? ನಮ್ಮ ಮಕ್ಕಳು ಕರುಣೆಯನ್ನು ಕಲಿಯುವುದಾದರೂ ಎಲ್ಲಿ?" ಎಂದು ಕೇಳುವವರಿದ್ದಾರೆ. ಹಿರಿಯರಾದ ಸಭಾಪಾಲಕರೊಬ್ಬರು ನನಗೆ ಹೀಗೆಯೇ ಹೇಳಿದರು. ಸಂಸ್ಥೆಗಳಿಗೆ ದೊರೆಯುವ ಅಕ್ಕಿ, ಬೇಳೆ, ಹೊದಿಕೆಗಳನ್ನು ನಾನು ಹಗುರವಾಗಿ ಕಾಣುವವನಲ್ಲ. ಸರಕಾರದ ಅನುದಾನವು ತಡವಾದ ತಿಂಗಳಲ್ಲಿ ಅವುಗಳ ಬೆಲೆ ಏನೆಂಬುದನ್ನು ಅಡುಗೆಮನೆಯವರು ಬಲ್ಲರು. ಕೊಡಬೇಕು, ಆದರೆ ಏನು ಬೇಕೆಂದು ಕೇಳಿ ಕೊಡಬೇಕು, ಕಳುಹಿಸಿಯೂ ಕೊಡಬಹುದು. ಇನ್ನು ಕರುಣೆಯ ಶಿಕ್ಷಣದ ಮಾತು. ಒಬ್ಬ ಮಗುವಿನ ಕೊರತೆಯನ್ನು ಇನ್ನೊಬ್ಬ ಮಗುವಿಗೆ ಪಾಠವನ್ನಾಗಿ ತೋರಿಸುವುದು ಕರುಣೆಯೆಂದು ನನಗೆ ತೋರುವುದಿಲ್ಲ. ನಮ್ಮ ಮಗು ಅಲ್ಲಿ ಕಲಿಯುವುದು "ನಾನು ಹಾಗಿಲ್ಲವಲ್ಲ" ಎಂಬ ನೆಮ್ಮದಿಯನ್ನು. ಅದೇ ಮಗು ಮೂರು ಗಂಟೆಗಳ ಕಾಲ ಅಂಧ ಹುಡುಗಿಯೊಬ್ಬಳ ಪಕ್ಕದಲ್ಲಿ ಕುಳಿತು, ಅವಳು ಹೇಳುವ ರೇಖಾಗಣಿತದ ಪ್ರಮೇಯವನ್ನು ಬರೆದುಕೊಂಡರೆ, ಅವಳು ತನಗಿಂತ ಜಾಣೆಯೆಂಬುದನ್ನು ಕಲಿತು ಹೊರಬರುತ್ತದೆ.

ನಮಗಿಂತ ಹಿಂದಿನವರು ಈ ವಿಷಯದಲ್ಲಿ ಬೇರೆಯಾಗಿ ನಡೆದುಕೊಂಡರು. ಈ ದೇಶದ ಮೊದಲ ಅಂಧರ ಶಾಲೆಯನ್ನು 1887ರಲ್ಲಿ ಅಮೃತಸರದಲ್ಲಿ ಆರಂಭಿಸಿದವರು ಆ್ಯನಿ ಶಾರ್ಪ್ ಎಂಬ ಮಿಷನರಿ ಮಹಿಳೆ. ಆಕೆ ಭೇಟಿ ನೀಡಲಿಲ್ಲ, ಅಲ್ಲಿಯೇ ಉಳಿದರು. ಬ್ರೈಲ್ ಲಿಪಿಯನ್ನು ಕೊಟ್ಟ ಲೂಯಿ ಬ್ರೈಲ್ ಸ್ವತಃ ಅಂಧನಾಗಿದ್ದು, ಪ್ಯಾರಿಸಿನ ದೇವಾಲಯದಲ್ಲಿ ಆರ್ಗನ್ ನುಡಿಸುತ್ತಿದ್ದನು. ಅಂದಿನ ಸಭೆಯು ಅವನಿಗೆ ಕೇಕು ಕೊಟ್ಟು ಕಳುಹಿಸದೆ ವಾದ್ಯದ ಮುಂದೆ ಕುಳ್ಳಿರಿಸಿತು.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಹುಬ್ಬಳ್ಳಿಯಿಂದ ಅರವತ್ತು ಕಿಲೋಮೀಟರಿನೊಳಗೆ ಗದಗಿನ ವೀರೇಶ್ವರ ಪುಣ್ಯಾಶ್ರಮವಿದೆ. ಹುಟ್ಟು ಅಂಧರಾದ ಪಂಚಾಕ್ಷರ ಗವಾಯಿಗಳನ್ನು ಹಾನಗಲ್ಲ ಕುಮಾರಸ್ವಾಮಿಗಳು ಸಂಗೀತದ ದಾರಿಗೆ ಹಚ್ಚಿದರು. ಗವಾಯಿಗಳ ಶಿಷ್ಯರಾದ, ಎಳೆತನದಲ್ಲಿಯೇ ದೃಷ್ಟಿ ಕಳೆದುಕೊಂಡ ಪುಟ್ಟರಾಜ ಗವಾಯಿಗಳು ಹಾರ್ಮೋನಿಯಂ, ತಬಲಾ, ಸಾರಂಗಿ, ಪಿಟೀಲುಗಳಲ್ಲಿ ಪಳಗಿ, ನಾಟಕ ಕಂಪನಿಯನ್ನು ಮುನ್ನಡೆಸಿ, 2010ರಲ್ಲಿ ಪದ್ಮಭೂಷಣರಾಗಿ ಅದೇ ವರ್ಷ ತೀರಿಕೊಂಡರು. ಅಲ್ಲಿ ಕಣ್ಣುಳ್ಳವರು ಅಂಧ ಗುರುಗಳ ಪಾದದಡಿ ಕುಳಿತು ಸ್ವರ ಕಲಿತರು. ಗದಗಿಗೆ ಹೋಗುವವನು ಏನನ್ನಾದರೂ ಪಡೆಯಲು ಹೋಗುತ್ತಾನೆ. ಅನ್ಯಧರ್ಮದ ಆಶ್ರಮವೆಂಬ ಕಾರಣಕ್ಕೆ ಈ ಉದಾಹರಣೆಯು ಕೆಲವು ಓದುಗರಿಗೆ ರುಚಿಸದಿದ್ದರೆ, ಸಮಾರ್ಯದವನ ಸಾಮ್ಯವನ್ನು ಅವರು ಇನ್ನೊಮ್ಮೆ ಓದಬಹುದು. ಹುಬ್ಬಳ್ಳಿಯಲ್ಲಿಯೇ, ಕಿಮ್ಸ್ ಎಂದು ಜನರು ಕರೆಯುವ ದೊಡ್ಡ ಆಸ್ಪತ್ರೆಯ ಆವರಣದಲ್ಲಿ, ಜೈನ ಯುವಕರ ಸಂಘಟನೆಯು ನಡೆಸುವ ಮಹಾವೀರ ಲಿಂಬ್ ಸೆಂಟರ್ ಇದೆ. ಕಾಲು ಕಳೆದುಕೊಂಡವರಿಗೆ ಅಲ್ಲಿ ಅಳತೆ ತೆಗೆದು ಕೃತಕ ಕಾಲನ್ನು ಉಚಿತವಾಗಿ ಜೋಡಿಸಿಕೊಡುತ್ತಾರೆ. 1968ರಲ್ಲಿ ರೂಪುಗೊಂಡ ಜೈಪುರ ಪಾದವು ನಮ್ಮ ದೇಶದವನು ಬರಿಗಾಲಿನಲ್ಲಿ ನಡೆಯುತ್ತಾನೆ, ಕುಕ್ಕರಗಾಲಿನಲ್ಲಿ ಕೂಡ್ರುತ್ತಾನೆ, ಹೊಲದ ಕೆಸರಿನಲ್ಲಿ ಇಳಿಯುತ್ತಾನೆ ಎಂಬುದನ್ನು ಅರಿತೇ ಮಾಡಿದ ಪಾದ. ಮಾಡುವ ಮೊದಲು ಯಾರೋ ಕೇಳಿದ್ದರು, ನೋಡಿದ್ದರು.

ಇನ್ನೊಂದು ಮಾತು. ಲೂಕನ ಹದಿನಾಲ್ಕನೆಯ ಅಧ್ಯಾಯದಲ್ಲಿ ಔತಣ ಮಾಡುವಾಗ ಯಾರನ್ನು ಕರೆಯಬೇಕೆಂದು ಕರ್ತನು ಹೇಳಿದ್ದಾನೆ. ಬಡವರನ್ನು, ಊನಾಂಗರನ್ನು, ಕಾಲಿಲ್ಲದವರನ್ನು, ಕಣ್ಣಿಲ್ಲದವರನ್ನು. ಆ ಮಾತನ್ನು ನಿಧಾನವಾಗಿ ಓದಿರಿ. ಔತಣದ ಒಂದು ತಟ್ಟೆಯನ್ನು ಅವರಿರುವಲ್ಲಿಗೆ ಒಯ್ದು ಕೊಡಿರೆಂದು ಆತನು ಹೇಳಲಿಲ್ಲ, ಮನೆಗೆ ಕರೆಯಿರೆಂದು ಹೇಳಿದನು. ನಾವು ವರ್ಷಕ್ಕೊಮ್ಮೆ ಅವರಲ್ಲಿಗೆ ಹೋಗುತ್ತೇವೆ. ಅವರು ನಮ್ಮಲ್ಲಿಗೆ ಎಂದಾದರೂ ಬಂದಿದ್ದಾರೆಯೆ?

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅಂಗವಿಕಲರ ಸಂಖ್ಯೆ 13 ಲಕ್ಷ 24 ಸಾವಿರ, ಜನಸಂಖ್ಯೆಯ ನೂರಕ್ಕೆ ಎರಡಕ್ಕಿಂತ ತುಸು ಹೆಚ್ಚು. ಆಮೇಲೆ ಬಂದ 2016ರ ಹಕ್ಕುಗಳ ಕಾಯಿದೆಯು 1995ರ ಕಾಯಿದೆಯಲ್ಲಿದ್ದ 7 ವಿಧಗಳನ್ನು 21ಕ್ಕೆ ಏರಿಸಿದ್ದರಿಂದ ನಿಜವಾದ ಸಂಖ್ಯೆ ಇನ್ನೂ ದೊಡ್ಡದಿರಬೇಕು. ಹಳೆಯ ಲೆಕ್ಕವನ್ನೇ ಹಿಡಿದರೂ ಐನೂರು ಮಂದಿಯ ಸಭೆಯಲ್ಲಿ ಹತ್ತು ಹನ್ನೊಂದು ಮಂದಿ ಇರಬೇಕಾಯಿತು. ಭಾನುವಾರ ಬೆಳಿಗ್ಗೆ ಅವರೆಲ್ಲಿ? ನಮ್ಮ ಸಭೆಯ ರಿಜಿಸ್ಟರನ್ನು ಹಿಡಿದು ನಾನು ಎಣಿಸಲು ಕುಳಿತೆ. ಆರು ಹೆಸರುಗಳು ನನಗೇ ನೆನಪಾದವು. ಅವರಲ್ಲಿ ಇಬ್ಬರನ್ನು ದೀಕ್ಷಾಸ್ನಾನದ ದಿನದ ಹೊರತು ದೇವಾಲಯದೊಳಗೆ ನಾನು ಕಂಡೇ ಇಲ್ಲ. ಒಬ್ಬ ತಾಯಿ ತನ್ನ ಮಗನು ಆರಾಧನೆಯ ನಡುವೆ ಕೂಗುತ್ತಾನೆಂದು ಹಿಂದಿನ ಬೆಂಚಿನವರು ತಿರುಗಿ ನೋಡಿದ ಮೇಲೆ ಬರುವುದನ್ನೇ ಬಿಟ್ಟಳು. ನಾವು ಇಡೀ ಊರನ್ನು ದಾಟಿ ಹೋಗಿ ಅಪರಿಚಿತ ಮಕ್ಕಳಿಗೆ ಕೇಕು ತಿನ್ನಿಸಿದೆವು, ಆಕೆಯ ಬಾಗಿಲನ್ನು ತಟ್ಟಲಿಲ್ಲ. ಆ ಹುಡುಗನಿಗೆ ಅಂಗವಿಕಲರ ಗುರುತಿನ ಕಾರ್ಡು ಕೂಡ ಆಗಿಲ್ಲವೆಂದು ಕಳೆದ ತಿಂಗಳು ತಿಳಿಯಿತು. ಅರ್ಜಿ ತುಂಬಿಸಿ, ಆತನನ್ನು ವೈದ್ಯರ ಬಳಿಗೆ ಕರೆದೊಯ್ಯಲು ಒಬ್ಬರು ಒಂದು ದಿನದ ರಜೆ ಹಾಕಿದ್ದರೆ ಸಾಕಾಗಿತ್ತು.

ಬರಲು ಮನಸ್ಸಿದ್ದವರಿಗೂ ನಮ್ಮ ಬಾಗಿಲು ತೆರೆದಿದೆಯೆನ್ನುವಂತಿಲ್ಲ. 2016ರ ಕಾಯಿದೆಯು "ಸಾರ್ವಜನಿಕ ಕಟ್ಟಡ" ಎಂಬುದರಲ್ಲಿ ಧಾರ್ಮಿಕ ಕಾರ್ಯಗಳಿಗಾಗಿ ಬಳಸುವ ಕಟ್ಟಡಗಳನ್ನೂ ಸೇರಿಸಿದೆ. ಹಳೆಯ ಕಟ್ಟಡಗಳನ್ನು ಸುಗಮಗೊಳಿಸಲು ನಿಯಮಗಳು ಪ್ರಕಟವಾದಂದಿನಿಂದ ಐದು ವರ್ಷಗಳ ಗಡುವು ನೀಡಿತ್ತು. ನಿಯಮಗಳು 2017ರಲ್ಲಿ ಬಂದವು, ಗಡುವು 2022ರಲ್ಲಿ ಮುಗಿಯಿತು. 2020ರಲ್ಲಿ ಉದ್ಘಾಟನೆಯಾದ ನಮ್ಮ ಚಿಗರಿ ಬಸ್ಸಿನ ನಿಲ್ದಾಣಗಳನ್ನು ನೋಡಿರಿ. ಅದರ ಬಗ್ಗೆ ದೂರುಗಳು ಏನೇ ಇರಲಿ, ನಿಲ್ದಾಣದ ನೆಲ ಮತ್ತು ಬಸ್ಸಿನ ನೆಲ ಒಂದೇ ಮಟ್ಟಕ್ಕೆ ಬರುವಂತೆ ಅದನ್ನು ಕಟ್ಟಿದ್ದಾರೆ. ಸಾರಿಗೆಯವರಿಗೆ ಹೊಳೆದುದು ನಮಗೇಕೆ ಹೊಳೆಯಲಿಲ್ಲ?

ಈ ಲೇಖನವನ್ನು ಬರೆಯುವ ಮೊದಲು ನಮ್ಮ ದೇವಾಲಯದ ಮೆಟ್ಟಿಲುಗಳನ್ನು ಅಳೆದೆ. ಏಳು ಮೆಟ್ಟಿಲುಗಳು, ಒಂದೊಂದೂ ಆರು ಅಂಗುಲ, ಒಟ್ಟು ಮೂರೂವರೆ ಅಡಿ. ಗಾಲಿಕುರ್ಚಿ ಏರಬೇಕಾದರೆ ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು, ಎಂದರೆ ನಲವತ್ತೆರಡು ಅಡಿ. ಜಾಗವಿದೆಯೆ ಎಂದು ಸಭಾಸಮಿತಿಯವರು ಕೇಳಿಯೇ ಕೇಳುತ್ತಾರೆಂದು ಅದನ್ನೂ ಅಳೆದು ನೋಡಿದೆ. ದಕ್ಷಿಣದ ಗೋಡೆಯ ಪಕ್ಕದಲ್ಲಿ ಐವತ್ತು ಅಡಿಗಿಂತ ಹೆಚ್ಚು ಖಾಲಿ ಜಾಗವಿದೆ. ಸದ್ಯಕ್ಕೆ ಅಲ್ಲಿ ನಾವು ಕಾರುಗಳನ್ನು ನಿಲ್ಲಿಸುತ್ತೇವೆ.