ಕೋಣೆಯ ಹೊರಗಿನ ಕೆಲಸ

ಸೀಟು ಹಂಚಿಕೆ ಮುಗಿದು ಕಾಲೇಜುಗಳು ಬಾಗಿಲು ತೆರೆಯುವ ದಿನಗಳಲ್ಲಿ ನಮ್ಮ ನಾಡಿನ ಬಸ್ ನಿಲ್ದಾಣಗಳನ್ನು ನೋಡಬೇಕು. ಮೈಸೂರು, ಧಾರವಾಡ, ಮಂಗಳೂರು, ಕಲಬುರಗಿ, ಯಾವ ಊರಿಗೆ ಹೊರಟ ಬಸ್ಸಿನ ಬಳಿಯೂ ಒಂದು ಹೊಸ ಬಕೆಟ್ಟು, ಅದರೊಳಗೊಂದು ಚೊಂಬು, ಹಗ್ಗ ಬಿಗಿದ ಹಾಸಿಗೆಯ ಸುರುಳಿ ಕಾಣಿಸುತ್ತವೆ. ಪಕ್ಕದಲ್ಲಿ ಮಾತು ಕಡಿಮೆಯಾದ ಒಬ್ಬ ತಾಯಿ, ಮಾತು ಹೆಚ್ಚಾದ ಒಬ್ಬ ತಂದೆ. ಹಿಂದೆ ತಗಡಿನ ಟ್ರಂಕು ಇದ್ದ ಜಾಗಕ್ಕೆ ಈಗ ಚಕ್ರದ ಸೂಟ್‌ಕೇಸು ಬಂದಿದೆ. ಉಪ್ಪಿನಕಾಯಿ, ಚಟ್ನಿಪುಡಿಗಳ ಡಬ್ಬಿಗಳು ಮಾತ್ರ ತಮ್ಮ ಸ್ಥಾನವನ್ನು ಬಿಟ್ಟುಕೊಟ್ಟಿಲ್ಲ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಈಗ ಹಾಸ್ಟೆಲಿಗೆ ಹೊರಡುವ ವಯಸ್ಸಿನ ಮಕ್ಕಳಿದ್ದಾರೆ. “ಮೇಷ್ಟ್ರೇ, ಮಗುವನ್ನು ಬಿಟ್ಟು ಬರಲು ಹೋಗುತ್ತಿದ್ದೇವೆ, ಏನೇನು ಕಳಿಸಬೇಕು?” ಎಂದು ಕೇಳುತ್ತಾರೆ. ನನ್ನ ಅಭಿಪ್ರಾಯ ಇಷ್ಟೇ: ಕೋಣೆಯ ಒಳಗಿನ ಕೆಲಸವನ್ನು ಮಗುವಿಗೇ ಬಿಡಿ. ಹಿರಿಯರು ಮಾಡಬೇಕಾದ ಕೆಲಸವೆಲ್ಲ ಕೋಣೆಯ ಹೊರಗಿದೆ. ನಾವು ಸಾಮಾನ್ಯವಾಗಿ ಇದನ್ನು ತಿರುವುಮುರುವು ಮಾಡುತ್ತೇವೆ.

ಹಾಸ್ಟೆಲಿನ ಬಾಗಿಲು ದಾಟಿದ ಕೂಡಲೇ ತಾಯಿ ಕಪಾಟನ್ನು ಒರೆಸಿ ಹಾಳೆ ಹಾಸಲು ತೊಡಗುತ್ತಾಳೆ. ತಂದೆ ಕಿಟಕಿಯ ಪಕ್ಕದ ಮಂಚವನ್ನು ಹಿಡಿದು, ಅದರ ಮೇಲೆ ಹಾಸಿಗೆ ಬಿಡಿಸುತ್ತಾನೆ. ಇನ್ನೊಬ್ಬ ಹುಡುಗ ಇನ್ನೂ ಬಂದೇ ಇರುವುದಿಲ್ಲ. ಅವನು ಬರುವ ಹೊತ್ತಿಗೆ ಒಳ್ಳೆಯ ಮಂಚ, ಒಳ್ಳೆಯ ಕಪಾಟು, ಫ್ಯಾನಿನ ಗಾಳಿ ಎಲ್ಲವೂ ಹಂಚಿಹೋಗಿರುತ್ತವೆ. ತಂದೆತಾಯಿ ಸಂಜೆಯ ಬಸ್ಸು ಹತ್ತುತ್ತಾರೆ. ಅವರು ಹಚ್ಚಿದ ಮನಸ್ತಾಪ ಮಾತ್ರ ಕೋಣೆಯಲ್ಲಿ ಉಳಿಯುತ್ತದೆ. ಯಾವ ಮಂಚ ಯಾರಿಗೆ, ದೀಪ ಎಷ್ಟು ಹೊತ್ತಿಗೆ ಆರಬೇಕು, ಬೆಳಿಗ್ಗೆ ಸ್ನಾನಕ್ಕೆ ಮೊದಲು ಯಾರು ಎಂಬುದನ್ನು ಇಬ್ಬರು ಅಪರಿಚಿತರು ಕೂತು ಮಾತನಾಡಿ ತೀರ್ಮಾನಿಸುವುದೇ ಹಾಸ್ಟೆಲ್ ಜೀವನದ ಮೊದಲ ಪಾಠ. ಆ ಪಾಠವನ್ನು ಹಿರಿಯರು ಮಾಡಿ ಮುಗಿಸಿದರೆ ಮಗು ಕಲಿಯುವುದೇನು?

ಬಟ್ಟೆ ಒಗೆಯುವುದು, ಗುಂಡಿ ಹೊಲಿಯುವುದು, ಜ್ವರ ಅಳೆಯುವುದು, ಬ್ಯಾಂಕಿನಲ್ಲಿ ಚೀಟಿ ತುಂಬುವುದು, ಇವನ್ನೆಲ್ಲ ಹೊರಡುವ ಮುಂಚೆ ಮನೆಯಲ್ಲೇ ಮಾಡಿಸಬೇಕು. ಎರಡು ಕೀಲಿಯ ಒಂದು ಒಳ್ಳೆಯ ಬೀಗ, ಹೊದೆಯಲು ಒಂದು ದಪ್ಪ ಹೊದಿಕೆ, ನಿತ್ಯದ ಬಟ್ಟೆ, ಇಷ್ಟಿದ್ದರೆ ಸಾಕು. ಮರೆತದ್ದನ್ನು ಆ ಊರಿನ ಅಂಗಡಿಯಲ್ಲಿ ಕೊಳ್ಳಬಹುದು. ಅಂಗಡಿ ಹುಡುಕಿಕೊಂಡು ಒಬ್ಬನೇ ಹೋಗಿ ಬರುವುದೂ ಒಂದು ವಿದ್ಯೆಯೇ.

ಇನ್ನು ಹೊರಗಿನ ಕೆಲಸ. ಮೊದಲನೆಯದು ಕಾಗದಪತ್ರ. ಅಂಕಪಟ್ಟಿ, ವರ್ಗಾವಣೆ ಪತ್ರ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಐದಾರು ನಕಲು ಪ್ರತಿಗಳು ಮಗುವಿನ ಬಳಿ ಇರಲಿ. ಅಂಕಪಟ್ಟಿಯಂಥ ಮೂಲಪತ್ರಗಳನ್ನು ಪರಿಶೀಲಿಸಿ ಹಿಂದಿರುಗಿಸಬೇಕೇ ಹೊರತು ಸಂಸ್ಥೆಗಳು ತಮ್ಮಲ್ಲೇ ಇಟ್ಟುಕೊಳ್ಳಬಾರದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ 2018ರ ಅಕ್ಟೋಬರಿನಲ್ಲಿ ಅಧಿಸೂಚನೆ ಹೊರಡಿಸಿದೆ. ಹದಿನೆಂಟರ ಮಗು ಗುಮಾಸ್ತರ ಮುಂದೆ ನಿಂತು ಇದನ್ನು ಹೇಳಲಾರದು; ಹಿರಿಯರು ವಿನಯದಿಂದ ಹೇಳಬಹುದು. ವಿದ್ಯಾರ್ಥಿವೇತನದ ಹಣ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ಬರುವುದರಿಂದ, ಆ ಜೋಡಣೆ ಆಗಿದೆಯೇ ಎಂಬುದನ್ನು ಊರು ಬಿಡುವ ಮೊದಲೇ ನೋಡಿಕೊಳ್ಳಬೇಕು.

ಎರಡನೆಯದು ರಕ್ಷಣೆ. ರ‍್ಯಾಗಿಂಗ್ ತಡೆಗೆ ಸರ್ವೋಚ್ಚ ನ್ಯಾಯಾಲಯ 2001ರಲ್ಲೇ ನಿರ್ದೇಶನ ನೀಡಿತು. ಅನುದಾನ ಆಯೋಗ 2009ರಲ್ಲಿ ನಿಯಮಾವಳಿ ತಂದಿತು. ಅದರಂತೆ ವಿದ್ಯಾರ್ಥಿಯೂ ಪೋಷಕರೂ ಮುಚ್ಚಳಿಕೆ ಬರೆದುಕೊಡಬೇಕು. ಸಾಧ್ಯವಾದಷ್ಟೂ ಹೊಸಬರನ್ನು ಪ್ರತ್ಯೇಕ ವಿಭಾಗದಲ್ಲಿ ಇರಿಸಬೇಕು. ನಾವು ಆ ಮುಚ್ಚಳಿಕೆಗೆ ಓದದೆ ಸಹಿ ಹಾಕುತ್ತೇವೆ. ಮಗುವಿನೊಡನೆ ಕೂತು ಅದನ್ನು ಓದಿ. 1800-180-5522 ಎಂಬ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆಸಿ. ಮನಸ್ಸು ಕುಗ್ಗಿದಾಗ ಮಾತನಾಡಲು 14416 ಸಂಖ್ಯೆಯ ಟೆಲಿ-ಮಾನಸ್ ಸೇವೆ 2022ರಿಂದ ಇದೆ. ಮನೆಗೆ ಹೇಳಲಾಗದ ಮಾತೂ ಒಂದಿರಬಹುದು ಎಂದು ಮಗುವಿನ ಎದುರು ಒಪ್ಪಿಕೊಳ್ಳುವುದು ನಮಗೆ ಕಷ್ಟ; ಆದರೂ ಒಪ್ಪಿಕೊಳ್ಳಬೇಕು.

ಮೂರನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು. ಆ ಊರಿನಲ್ಲಿ ಮಗುವನ್ನು ಹೆಸರು ಹಿಡಿದು ಬಲ್ಲ ಒಬ್ಬ ಹಿರಿಯ ವ್ಯಕ್ತಿ ಇರಬೇಕು. ವಾರ್ಡನ್ ಆಗಬಹುದು, ಅಡುಗೆಯ ಭಟ್ಟರಾಗಬಹುದು, ಗೇಟಿನ ಕಾವಲುಗಾರನಾಗಬಹುದು, ದೂರದ ನೆಂಟರಾಗಬಹುದು. ನಮ್ಮ ಹಿಂದಿನವರು ಇದನ್ನು ಬಲ್ಲವರಾಗಿದ್ದರು. ವಾರಾನ್ನದ ಪದ್ಧತಿಯಲ್ಲಿ ಬಡ ಹುಡುಗ ದಿನಕ್ಕೊಂದು ಮನೆಯಲ್ಲಿ ಉಣ್ಣುತ್ತಿದ್ದ. ಅದರಲ್ಲಿ ಅವಮಾನವೂ ಇತ್ತು, ಜಾತಿಯ ಗೋಡೆಯೂ ಇತ್ತು. ಆದರೆ ಹುಡುಗ ಒಂದು ದಿನ ಊಟಕ್ಕೆ ಬಾರದಿದ್ದರೆ ಯಾಕೆಂದು ಕೇಳುವ ಒಂದು ಮನೆ ಇರುತ್ತಿತ್ತು. ಆ ಗೋಡೆಯ ಆಚೆ ಉಳಿದ ಮಕ್ಕಳಿಗೆ ಆಸರೆಯಾದದ್ದು ಮಠಗಳ, ಸಮುದಾಯಗಳ, ಬಳಿಕ ಸರ್ಕಾರದ ವಿದ್ಯಾರ್ಥಿನಿಲಯಗಳು. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮೀಜಿಯವರು 2019ರಲ್ಲಿ ಲಿಂಗೈಕ್ಯರಾಗುವವರೆಗೂ ಜಾತಿಮತ ನೋಡದೆ ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ವಿದ್ಯೆಗಳನ್ನು ನಡೆಸಿಕೊಂಡು ಬಂದರು. ಮಲೆನಾಡಿನಿಂದ ಮೈಸೂರಿಗೆ ಓದಲು ಬಂದ ಕುವೆಂಪು ಅವರಿಗೆ ರಾಮಕೃಷ್ಣಾಶ್ರಮದಲ್ಲಿ ಸ್ವಾಮಿ ಸಿದ್ಧೇಶ್ವರಾನಂದರ ಆಸರೆ ದೊರೆಯಿತು. ಮಹಾಕವಿಗೂ ಒಂದು ಕಾಲದಲ್ಲಿ ಅನ್ಯ ಊರಿನಲ್ಲಿ ವಿಚಾರಿಸಿಕೊಳ್ಳುವ ಒಬ್ಬರು ಬೇಕಾಗಿದ್ದರು.

ಆ ಒಬ್ಬರು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನನಗೆ ತಿಳಿದ ಒಂದು ಸಂಗತಿ ಹೇಳುತ್ತೇನೆ. ಒಂದು ಹಳ್ಳಿಯ ಹುಡುಗಿ. ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗಳು. ಕೂಲಿ ತಪ್ಪುತ್ತದೆಂದು ತಂದೆ ಬರಲಿಲ್ಲ, ಒಬ್ಬಳೇ ಹೋದಳು. ಹಾಸ್ಟೆಲಿನಲ್ಲಿ ರಾತ್ರಿಯೂಟಕ್ಕೆ ಬೆಳಿಗ್ಗೆಯೇ ಹೆಸರು ಬರೆಸಬೇಕಿತ್ತು. ಅದನ್ನು ಯಾರೂ ಹೇಳಲಿಲ್ಲ, ಕೇಳಲು ಅವಳಿಗೆ ನಾಚಿಕೆ. ಕೆಲವು ರಾತ್ರಿ ಬಿಸ್ಕತ್ತು ತಿಂದು ಮಲಗಿದಳು, ಜ್ವರ ಬಂತು. ಹನ್ನೊಂದನೆಯ ದಿನ ಬಕೆಟ್ಟು ಹಾಸಿಗೆಗಳೊಡನೆ ಊರಿಗೆ ಮರಳಿದವಳು ಮತ್ತೆ ಹೋಗಲಿಲ್ಲ. “ಹೊಂದಿಕೊಳ್ಳಲಿಲ್ಲ” ಎಂದು ಊರು ತೀರ್ಪು ಕೊಟ್ಟಿತು. ಓದಿನಲ್ಲಿ ಸೋಲದ ಹುಡುಗಿ ಒಂದು ಊಟದ ಪಟ್ಟಿಯ ಮುಂದೆ ಸೋತಳು. “ಇಲ್ಲಿ ಹೆಸರು ಬರೆಸಮ್ಮ” ಎಂದು ಹೇಳುವ ಒಂದು ದನಿ ಇದ್ದಿದ್ದರೆ ಅವಳ ಬದುಕಿನ ದಾರಿಯೇ ಬೇರೆಯಾಗುತ್ತಿತ್ತು.

“ನಮ್ಮ ಕಾಲದಲ್ಲಿ ನಮ್ಮನ್ನು ಯಾರು ಬಿಟ್ಟು ಬಂದರು? ನಾವು ಬದುಕಲಿಲ್ಲವೇ?” ಎಂದು ನನ್ನ ವಯಸ್ಸಿನವರು ಕೇಳುತ್ತಾರೆ. ಹೌದು, ಬದುಕಿದವರು ಈ ಮಾತು ಆಡುತ್ತಾರೆ. ಹನ್ನೊಂದನೆಯ ದಿನ ಮರಳಿ ಬಂದವರು ಇಂಥ ಮಾತಿಗೆ ಎದುರಾಡಲು ಎಲ್ಲಿದ್ದಾರೆ? ಅವರು ಹೊಲದಲ್ಲಿದ್ದಾರೆ, ಅಂಗಡಿಯಲ್ಲಿದ್ದಾರೆ, ಬೇಗನೆ ಮದುವೆಯಾಗಿ ಯಾವುದೋ ಊರಿನಲ್ಲಿದ್ದಾರೆ.

ಹಾಗೆಂದು ದಿನಕ್ಕೆ ಮೂರು ಬಾರಿ ವಿಡಿಯೋ ಕರೆ ಮಾಡಿ “ಊಟವಾಯಿತೇ” ಎಂದು ಕೇಳುವುದನ್ನು ನಾನು ಸಮರ್ಥಿಸುವುದಿಲ್ಲ. ಅದು ಕೋಣೆಯ ಒಳಗೆ ಮತ್ತೆ ಹೋಗಿ ಕೂತಂತೆಯೇ. ಸಂಜೆ ಒಂದು ನಿಶ್ಚಿತ ವೇಳೆಗೆ ಮಾತನಾಡಿ. ಮನೆಯ ನೆನಪಾಗಿ ಅತ್ತರೆ ಅಳಲಿ. ಮೊದಲ ಭಾನುವಾರವೇ ಓಡಬೇಡಿ. ಆದರೆ ದನಿಯಲ್ಲಿ ಭಯ ಕೇಳಿಸಿದರೆ ಅಂದೇ ಬಸ್ಸು ಹತ್ತಿ. ಅಳುವಿಗೂ ಭಯಕ್ಕೂ ಇರುವ ಅಂತರ ತಂದೆತಾಯಿಗೆ ಗೊತ್ತಾಗದೇ ಇರದು.

ಕೊನೆಗೆ, ನಗರಗಳಲ್ಲಿ ನೆಲೆಸಿರುವ ನನ್ನ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ನೀವು ಓದಿದ ಶಾಲೆಯಿಂದ, ನಿಮ್ಮ ತಾಲ್ಲೂಕಿನಿಂದ ಈ ವರ್ಷ ಯಾವ ಮಗು ನಿಮ್ಮ ಊರಿನ ಕಾಲೇಜಿಗೆ ಬರುತ್ತಿದೆ ಎಂದು ಈಗಿನ ಶಿಕ್ಷಕರನ್ನು ಕೇಳಿ ತಿಳಿದುಕೊಳ್ಳಿ. ಹಣ ಕೊಡಬೇಕಾಗಿಲ್ಲ. ಅರ್ಧ ದಿನ ರಜೆ ಹಾಕಿ ಜೊತೆಗೆ ಹೋಗಿ, ಕಚೇರಿಯ ಸಾಲಿನಲ್ಲಿ ನಿಲ್ಲಿ, ಊಟದ ಪಟ್ಟಿ ಎಲ್ಲಿದೆಯೆಂದು ತೋರಿಸಿ, ನಿಮ್ಮ ಫೋನ್ ಸಂಖ್ಯೆಯನ್ನು ವಾರ್ಡನ್ನರಿಗೆ ಕೊಟ್ಟು ಬನ್ನಿ. ಕೋಣೆಯ ಬಾಗಿಲವರೆಗೆ ಹೋದರೆ ಸಾಕು; ಒಳಗೆ ಹಾಸಿಗೆಯನ್ನು ಆ ಮಗುವೇ ಹಾಸಿಕೊಳ್ಳುತ್ತದೆ.