ಬೀರ್ ಕುಡಿದರೆ ಕಲ್ಲು ಕರಗ್ತದಾ?



ಹತ್ತನೇ ತರಗತಿಯಲ್ಲಿ ವಿಸರ್ಜನೆಯ ಪಾಠ ನಡೀತಿತ್ತು. ಬೋರ್ಡಿನ ಮೇಲೆ ಮೂತ್ರಪಿಂಡದ ಚಿತ್ರ ಬರೆದು ತಿರುಗಿದಾಗ ಹಿಂದಿನ ಸಾಲಿನ ಹುಡುಗ ಎದ್ದು ನಿಂತ. "ಸರ್, ಬೀರ್ ಕುಡದ್ರ ಕಿಡ್ನಿ ಕಲ್ಲು ಕರಗ್ತದಂತ್ರಿ, ಖರೇನಾ? ನಮ್ಮ ಕಾಕಾ ದಿನಾ ಒಂದು ಬಾಟ್ಲಿ ಕುಡೀಲತ್ತಾರ್ರಿ." ಕ್ಲಾಸೆಲ್ಲ ನಕ್ಕಿತು. ಅವನು ನಗಲಿಲ್ಲ. ನಾನೂ ನಗಲಿಲ್ಲ. ನ್ಯಾಲ್ಕಲ್, ಜಹೀರಾಬಾದ್, ನಾರಾಯಣಖೇಡ್ ಕಡೆ ಈ ಮಾತು ಕೇಳದವರು ಕಡಿಮೆ. ಆದ್ದರಿಂದ ಅವನಿಗೆ ಹೇಳಿದ್ದನ್ನು ನಿಮಗೂ ಹೇಳ್ತೀನಿ.

ಮೊದಲು ಕಲ್ಲಿನ ವಿಷಯ. ಹೆಚ್ಚಿನ ಕಲ್ಲುಗಳು ಕ್ಯಾಲ್ಸಿಯಂ ಆಕ್ಸಲೇಟ್‌ನವು. ಅವು ಬೀರಿನಲ್ಲೂ ಕರಗಲ್ಲ, ನೀರಿನಲ್ಲೂ ಕರಗಲ್ಲ. ಹಾಗಾದರೆ ಬೀರ್ ಕುಡಿದವರಿಗೆ ಕಲ್ಲು ಬಿತ್ತು ಅಂತಾರಲ್ಲ? ಬಿದ್ದಿರಬಹುದು. 5 ಮಿಲಿಮೀಟರ್‌ಗಿಂತ ಸಣ್ಣ ಕಲ್ಲುಗಳಲ್ಲಿ ಬಹಳಷ್ಟು ತಾವಾಗೇ ಮೂತ್ರದಲ್ಲಿ ಹೊರಗೆ ಬರ್ತವೆ. ಆ ವಾರ ಬೀರ್ ಕುಡಿದವನು ಬೀರಿನಿಂದ ಬಿತ್ತು ಅಂತಾನೆ, ಎಳನೀರು ಕುಡಿದವನು ಎಳನೀರಿನಿಂದ ಅಂತಾನೆ. ಕಾಗೆ ಕೂರೋದಕ್ಕೂ ಟೊಂಗೆ ಮುರಿಯೋದಕ್ಕೂ ಸರಿಹೋಯ್ತು, ಅಷ್ಟೇ.

ಬೀರ್ ಕುಡಿದರೆ ಮೂತ್ರ ಜಾಸ್ತಿ ಬರೋದು ನಿಜ. ಕಾರಣ ನಿಮ್ಮ ಪಾಠದಲ್ಲೇ ಇದೆ. ವ್ಯಾಸೊಪ್ರೆಸಿನ್ ಎಂಬ ಹಾರ್ಮೋನ್ ಮೂತ್ರಪಿಂಡಕ್ಕೆ ನೀರನ್ನು ಉಳಿಸಿಕೊಳ್ಳಲು ಹೇಳುತ್ತದೆ. ಆಲ್ಕೋಹಾಲ್ ಆ ಹಾರ್ಮೋನನ್ನು ತಡೆಯುತ್ತದೆ. ಆಲ್ಕೋಹಾಲ್ ಹೆಚ್ಚಿದಷ್ಟೂ ದೇಹ ನೀರು ಕಳೆದುಕೊಳ್ಳುತ್ತದೆ. ನಮ್ಮ ಬೇಸಿಗೆಯಲ್ಲಿ ಬೆವರಿನಿಂದ ನೀರು ಹೋಗೋದು ಸಾಲದೆ ಇದೂ ಸೇರಿದರೆ ಹೇಗೆ? ಬೀರಿನಲ್ಲಿ ಪ್ಯೂರಿನ್‌ಗಳೂ ಇವೆ. ಅವು ಯೂರಿಕ್ ಆಮ್ಲವನ್ನು ಹೆಚ್ಚಿಸುತ್ತವೆ, ಅದರಿಂದಲೂ ಕಲ್ಲಾಗುತ್ತದೆ. ಕಲ್ಲು ನಾಳದಲ್ಲಿ ಸಿಕ್ಕಿಕೊಂಡಿದ್ದರೆ ಹೆಚ್ಚು ಮೂತ್ರ ಬಂದಷ್ಟೂ ಹಿಂದೆ ಒತ್ತಡ ಏರಿ ಮೂತ್ರಪಿಂಡಕ್ಕೇ ಪೆಟ್ಟು.

ಒಂದು ಮಾತು ಮುಚ್ಚಿಡಬಾರದು. ಬೀರ್ ಕುಡಿಯುವವರಲ್ಲಿ ಹೊಸ ಕಲ್ಲು ಆಗೋದು ಕಡಿಮೆ ಅಂತ ತೋರಿಸಿದ ಕೆಲವು ಸಮೀಕ್ಷೆಗಳಿವೆ. ಆದರೆ ಅವು ಆಗಿರುವ ಕಲ್ಲು ಕರಗುತ್ತದೆ ಎಂದು ಹೇಳಿಲ್ಲ. ಕಲ್ಲು ಆಗದಂತೆ ತಡೆಯಲು ದಿನಕ್ಕೆ ಸುಮಾರು ಎರಡೂವರೆ ಲೀಟರ್ ಮೂತ್ರ ಬರುವಷ್ಟು ನೀರು ಕುಡೀರಿ ಅಂತ ವೈದ್ಯರು ಹೇಳ್ತಾರೆ. ಆ ಕೆಲಸ ನೀರೇ ಮಾಡುವಾಗ ಬೀರ್ ಯಾಕೆ?

"ಆದ್ರೂ ಸರ್, ಮಿತವಾಗಿ ಕುಡದ್ರ ಹಾರ್ಟಿಗೆ ಛಲೋ ಅಂತಾರಲ್ರಿ" ಅಂದಳು ಮುಂದಿನ ಬೆಂಚಿನ ಹುಡುಗಿ. ಹೌದು, ಎಷ್ಟೋ ವರ್ಷ ವಿಜ್ಞಾನಿಗಳೂ ಹಾಗೇ ನಂಬಿದ್ದರು. ಸ್ವಲ್ಪ ಕುಡಿಯುವವರು ಏನೂ ಕುಡಿಯದವರಿಗಿಂತ ಹೆಚ್ಚು ಕಾಲ ಬದುಕ್ತಾರೆ ಅಂತ ಲೆಕ್ಕಗಳು ತೋರಿಸಿದ್ದವು. 1988ರಲ್ಲಿ ಶೇಪರ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಬ್ರಿಟನ್ನಿನ ಗಂಡಸರ ಲೆಕ್ಕ ನೋಡಿ, ಈ 'ಕುಡಿಯದವರು' ಯಾರು ಅಂತ ಕೇಳಿದರು. ನೀವೇ ಯೋಚಿಸಿ. ನಿಮ್ಮೂರ ಕಟ್ಟೆಯ ಮೇಲೆ ಕೂತವರಲ್ಲಿ ಈಗ ಕುಡಿಯದವರನ್ನು ಎಣಿಸಿದರೆ, ಲಿವರ್ ಕೆಟ್ಟು, ಡಾಕ್ಟರ್ ಬೈದ ಮೇಲೆ ಬಿಟ್ಟವರೂ ಆ ಲೆಕ್ಕದಲ್ಲಿ ಬರ್ತಾರೆ. ಕಾಯಿಲೆ ಬಂದು ಬಿಟ್ಟವರನ್ನು ಆ ಕಡೆ ಸೇರಿಸಿದರೆ ಕುಡಿಯುವವರೇ ಗಟ್ಟಿಮುಟ್ಟು ಕಾಣ್ತಾರೆ. ತಪ್ಪು ಹೋಲಿಕೆಯಲ್ಲಿತ್ತು.

ಇದನ್ನು ಸರಿಯಾಗಿ ಪರೀಕ್ಷಿಸುತ್ತೇವೆ ಅಂತ ಅಮೆರಿಕದಲ್ಲಿ ದೊಡ್ಡ ಪ್ರಯೋಗವೊಂದು ಶುರುವಾಯಿತು. ಅದಕ್ಕೆ ಬಹುಪಾಲು ಹಣ ಕೊಡಲು ಒಪ್ಪಿದ್ದು ಬೀರ್ ಮತ್ತು ಮದ್ಯದ ಕಂಪನಿಗಳು. ಸಂಗತಿ ಹೊರಬಿದ್ದ ಮೇಲೆ 2018ರಲ್ಲಿ ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆಯೇ ಅದನ್ನು ನಿಲ್ಲಿಸಿತು. ಯಾವ ಪ್ರಯೋಗಕ್ಕೂ ದುಡ್ಡು ಕೊಟ್ಟವರು ಯಾರು ಅಂತ ಕೇಳೋದನ್ನು ಈಗಲೇ ರೂಢಿ ಮಾಡಿಕೊಳ್ಳಿ.

ಇನ್ನು 'ಮಿತ' ಅಂದರೆ ಎಷ್ಟು? ಲೆಕ್ಕ ಹಾಕಿ. ನಮ್ಮ ಅಂಗಡಿಗಳ ದೊಡ್ಡ ಬಾಟ್ಲಿ 650 ಮಿಲಿಲೀಟರ್. ಸ್ಟ್ರಾಂಗ್ ಬೀರಿನಲ್ಲಿ ಆಲ್ಕೋಹಾಲ್ ಶೇ. 8ರವರೆಗೆ ಇರುತ್ತದೆ, ಅಂದರೆ 52 ಮಿಲಿಲೀಟರ್. ಸಾಂದ್ರತೆ 0.79ರಿಂದ ಗುಣಿಸಿದರೆ ಸುಮಾರು 41 ಗ್ರಾಂ. ಅಮೆರಿಕದಲ್ಲಿ ಬಹಳ ಕಾಲ 'ಮಿತ' ಎಂದಿದ್ದು ಗಂಡಸರಿಗೆ ದಿನಕ್ಕೆ 28 ಗ್ರಾಂ, ಹೆಂಗಸರಿಗೆ 14 ಗ್ರಾಂ. ನಮ್ಮ 'ಒಂದೇ ಬಾಟ್ಲಿ' ಆ ಮಿತಿಯನ್ನು ಯಾವಾಗಲೋ ದಾಟಿತು.

ಆ ಮಿತಿಯೊಳಗಿದ್ದರೂ ಅಪಾಯವಿಲ್ಲ ಅಂತಲ್ಲ. ಲಿವರ್‌ನಲ್ಲಿ ಆಲ್ಕೋಹಾಲ್ ಅಸಿಟಾಲ್ಡಿಹೈಡ್ ಆಗುತ್ತದೆ, ಅದು ಡಿಎನ್‌ಎಗೆ ಹಾನಿ ಮಾಡುತ್ತದೆ. ಮದ್ಯ ಕ್ಯಾನ್ಸರ್ ತರುತ್ತದೆ ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಹೇಳಿತ್ತು. ಬೀರ್ ಅದರಿಂದ ಹೊರತಲ್ಲ. ಸುರಕ್ಷಿತ ಪ್ರಮಾಣ ಅನ್ನೋದೇ ಇಲ್ಲ ಎಂದು 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಕಡಿಮೆ ಕುಡಿದರೆ ಅಪಾಯ ಕಡಿಮೆ, ನಿಜ. ಅಪಾಯ ಕಡಿಮೆ ಅನ್ನೋದೂ ಆರೋಗ್ಯಕ್ಕೆ ಒಳ್ಳೇದು ಅನ್ನೋದೂ ಒಂದೇ ಅಲ್ಲ.

ಕುಡಿಯೋದು ಬಿಡೋದು ದೊಡ್ಡವರ ವಿಚಾರ, ನೀವ್ಯಾಕೆ ಮಾತಾಡ್ತೀರಿ ಅಂತ ಯಾರಾದರೂ ಅಂದಾರು. ನನ್ನ ಅಭಿಪ್ರಾಯ ಇಷ್ಟೇ: ಕುಡಿಯುವವರು ಕುಡಿತವನ್ನು ಕುಡಿತ ಅಂತಲೇ ಕರೆಯಲಿ, ಔಷಧ ಅನ್ನಬಾರದು. ಔಷಧ ಅಂದಾಗ ಮನೆಯವರು ತಡೆಯಲ್ಲ, ರೋಗಿ ಆಸ್ಪತ್ರೆಗೆ ಹೋಗಲ್ಲ, ಪಕ್ಕದಲ್ಲಿ ಕೂತ ಹುಡುಗ ಅದನ್ನೇ ಕಲಿಯುತ್ತಾನೆ.

ಆ ಹುಡುಗನಿಗೆ ಕೊನೆಗೆ ಹೇಳಿದೆ: "ಕಾಕಾಗೆ ಎದುರು ಮಾತಾಡಬೇಡ. ಒಂದು ಚೊಂಬು ನೀರು ಕೊಡು, ಬೀದರಿಗೋ ಜಹೀರಾಬಾದಿಗೋ ಹೋಗಿ ಒಂದು ಸ್ಕ್ಯಾನಿಂಗ್ ಮಾಡಿಸೋಣ್ರಿ ಅನ್ನು. ಕಲ್ಲು ಎಷ್ಟು ದೊಡ್ಡದು, ಎಲ್ಲಿದೆ ಅಂತ ಗೊತ್ತಾದ್ರೆ ಚಿಕಿತ್ಸೆ ಡಾಕ್ಟರ್ ಹೇಳ್ತಾರೆ." ಅವನು ನೋಟ್‌ಬುಕ್‌ನಲ್ಲಿ 41 ಗ್ರಾಂ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದುಕೊಂಡ. ನೀವೂ ಬರೆದುಕೊಳ್ಳಿ.